ಔಟಾದವರ ಸಾಲು

ರಾಯದುರ್ಗ
16 ಜುಲೈ 2024

ಮಗಳು ಸುವಾರ್ತಗೆ,

ಕರ್ತನ ಹೆಸರಿನಲ್ಲಿ ವಂದನೆ, ನಿನ್ನ ಅಮ್ಮನ ಹೆಸರಿನಲ್ಲಿ ತಲೆಗೊಂದು ಮೊಟಕು.

ನೀನು ಫೋನ್ ಎತ್ತುತ್ತಿಲ್ಲ. ಆಯಿತು, ಎತ್ತಬೇಡ. ಕಾಗದ ರಿಂಗಾಗುವುದಿಲ್ಲ, ಅದನ್ನು ಕಟ್ ಮಾಡಲೂ ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಓದದೆ ಹರಿಯುವವಳು ನೀನಲ್ಲ ಎಂದು ಹೆತ್ತವಳಿಗೆ ಗೊತ್ತಿದೆ.

ನಡೆದದ್ದು ನಿನಗೆ ಯಾರ್ಯಾರದೋ ಬಾಯಿಂದ ಬಂದಿದೆ. ಈಗ ನನ್ನ ಬಾಯಿಂದ ಕೇಳು. ಆ ಭಾನುವಾರ ಸಭೆಯಲ್ಲಿ ಹಾಡು ಮುಗಿದು ಸಾಕ್ಷಿಯ ಹೊತ್ತು ಬಂತು. ದೇವರು ತಮಗೆ ಏನು ಮಾಡಿದ ಎಂದು ಒಬ್ಬೊಬ್ಬರೇ ಎದ್ದು ಹೇಳುತ್ತಿದ್ದರು. ಒಬ್ಬಳ ಬೋರಿನಲ್ಲಿ ನೀರು ಬಿದ್ದಿತ್ತು, ಇನ್ನೊಬ್ಬನ ಆಧಾರ್ ಕಾರ್ಡಿನಲ್ಲಿ ಹೆಸರು ಸರಿಯಾಗಿತ್ತು. ಅನಂತಪುರದ ಆಸ್ಪತ್ರೆಯಲ್ಲಿ ನಿನ್ನ ಮೊಣಕಾಲಿಗೆ ಆಪರೇಷನ್ ಆದ ಫೆಬ್ರವರಿಯಿಂದ ನಾನು ಬೇರೆಯವರ ಸಾಕ್ಷಿಗೆ ಆಮೆನ್ ಹೇಳಿ ಹೇಳಿ ಸಾಕಾಗಿದ್ದೆ. ಹಿಂದಿನ ವಾರವಷ್ಟೇ ನಮ್ಮ ಪಾಸ್ಟರ್ ಅಯ್ಯಗಾರು, ಬೇಡಿದ್ದು ಕೈಗೆ ಬರುವ ಮುಂಚೆಯೇ ಬಂತೆಂದು ನಂಬಿ ಸ್ತೋತ್ರ ಹೇಳಬೇಕು ಎಂದು ಬೋಧನೆ ಮಾಡಿದ್ದರು. ನಾನು ಎದ್ದೆ. ನನ್ನ ಮಗಳ ಕಾಲು ವಾಸಿಯಾಗಿದೆ, ಕಬಡ್ಡಿ ತಂಡಕ್ಕೆ ವಾಪಸು ಸೇರಿದ್ದಾಳೆ, ಕರ್ತನಿಗೆ ಸ್ತೋತ್ರ ಎಂದೆ.

ಇದು ಮುಂಗಡ ಸ್ತೋತ್ರ ಎಂದು ಒಂದು ಮಾತು ಸೇರಿಸಬೇಕಿತ್ತು. ಅಷ್ಟರಲ್ಲಿ ಚಪ್ಪಾಳೆ ಬಂತು. ಚಪ್ಪಾಳೆ ನಿಂತ ಮೇಲೆ ಅದನ್ನು ಹೇಗೆ ಸೇರಿಸುವುದು? ಪಕ್ಕದಲ್ಲಿ ಕೂತಿದ್ದ ಬಸವರಾಜೇಶ್ವರಕ್ಕ ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟಳು. ಅವಳ ಸೊಸೆಯ ತವರೂ ನೀನು ಓದುವ ಮಡಕಶಿರಾವೇ ಎಂಬುದು ನನಗೆ ಆಮೇಲೆ ನೆನಪಾಯಿತು.

ನಾನು ಸುಳ್ಳು ಹೇಳಲಿಲ್ಲ. ಸ್ವಲ್ಪ ಬೇಗ ಹೇಳಿದೆ, ಅಷ್ಟೆ. ನಿಮ್ಮಪ್ಪ ಎಂದಿನಂತೆ ಸಭೆ ಮುಗಿಯುವ ತನಕ ಹೊರಗೆ ಬೇವಿನ ಮರದ ಕೆಳಗೆ ಮೊಪೆಡ್ ಮೇಲೆ ಕೂತು, ನಾಯಿಗಳು ಕಚ್ಚಿಕೊಂಡು ಹೋಗದಂತೆ ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದರು. ಚಪ್ಪಾಳೆ ಅವರಿಗೂ ಕೇಳಿಸಿತಂತೆ. ಮನೆಗೆ ಬರುವಾಗ ಯಾಕೆಂದು ಕೇಳಿದರು, ಹೇಳಿದೆ. ಮೊಪೆಡ್ ನಿಧಾನ ಮಾಡಿದರು. ಆಮೇಲೆ, "ರೆಫ್ರಿ ಸೀಟಿ ಊದೋಕ ಮುಂಚೇನ ಪಾಯಿಂಟ್ ಬರ್ಕೊಂಡಿ ಬಿಡು" ಎಂದರು. ಹಳೆಯ ಕಬಡ್ಡಿ ಆಟಗಾರರು, ಅವರಿಗೆ ಲೋಕವೆಲ್ಲ ಹಾಗೇ ಕಾಣುತ್ತದೆ.

ಕಾಲು ಹೇಗಿದೆ? ಮೆಟ್ಟಿಲು ಹತ್ತುತ್ತೀಯಾ? ಅಷ್ಟಾದರೂ ಬರೆ.

ಕ್ರಿಸ್ತನಲ್ಲಿ, ಸ್ವಲ್ಪ ಸಿಟ್ಟಿನಲ್ಲೂ,
ನಿನ್ನ ಅಮ್ಮ ನಾಗಮಣಿ


ಮಡಕಶಿರಾ
3 ಆಗಸ್ಟ್ 2024

ಅಮ್ಮ,

ಕಾಲು ಇದೆ. ಮೆಟ್ಟಿಲು ಹತ್ತುತ್ತೇನೆ.

ನೀನು ಸ್ವಲ್ಪ ಬೇಗ ಹೇಳಿದ್ದರಿಂದ ಇಲ್ಲಿ ಏನಾಯಿತು ಗೊತ್ತಾ? ಬಸವರಾಜೇಶ್ವರಕ್ಕನ ಬೀಗಿತಿ ಒಂದು ಡಬ್ಬಿ ಕರ್ಜಿಕಾಯಿ ಹಿಡಿದು ಮೈದಾನಕ್ಕೇ ಬಂದರು. ನಾನು ಗೆರೆಯ ಹೊರಗೆ ಕೂತು, ಮೊಣಕಾಲಿಗೆ ಐಸ್ ಇಟ್ಟುಕೊಂಡು, ಆಡುವವರ ನೀರಿನ ಬಾಟಲಿ ಕಾಯುತ್ತಿದ್ದೆ. ಅವರು ಒಳಗೆ ಆಡುತ್ತಿದ್ದ ಹುಡುಗಿಯರನ್ನೆಲ್ಲ ನೋಡಿ, "ಇದ್ರಾಗೆ ಸುವಾರ್ತ ಅಂಬೋಳು ಯಾರಮ್ಮ?" ಎಂದು ನನ್ನನ್ನೇ ಕೇಳಿದರು. ಸುವಾರ್ತ ಇವತ್ತು ಬಂದಿಲ್ಲ ಎಂದೆ. ಹಾಗಾದರೆ ಇದನ್ನು ಅವಳಿಗೆ ತಲುಪಿಸಮ್ಮ ಎಂದು ಡಬ್ಬಿಯನ್ನು ನನ್ನ ಕೈಗೇ ಕೊಟ್ಟು ಹೋದರು. ನೀರು ಕುಡಿಯಲು ಪಕ್ಕಕ್ಕೆ ಬಂದಿದ್ದ ಸೌಮ್ಯ, ನನ್ನ ರೂಮಿನವಳು, ತಂಡದವಳೂ ಹೌದು, ಎಲ್ಲದಕ್ಕೂ ನಗುವವಳು. ಅವತ್ತು ನಗಲಿಲ್ಲ. ಡಬ್ಬಿಯನ್ನು ಹಾಗೇ ಅವಳ ಕೈಗೆ ಕೊಟ್ಟೆ, ಒಂದು ಕರ್ಜಿಕಾಯಿಯನ್ನೂ ನಾನು ಮುಟ್ಟಲಿಲ್ಲ.

ಕೋಚ್ ಸಿದ್ದರಾಮೇಶ್ ಸರ್ ಕೈಕೆಳಗೆ ಆಡಬೇಕೆಂದೇ ಮನೆ ಬಿಟ್ಟು ಇಷ್ಟು ದೂರದ ಕಾಲೇಜಿಗೆ ಸೇರಿದವಳು ನಾನು. ಈಗ ಸರ್ ನನ್ನ ಹೆಸರು ಕರೆಯುವುದು ಸೀಟಿ ಎಲ್ಲಿಟ್ಟಿದ್ದೀಯಾ ಎಂದು ಕೇಳುವುದಕ್ಕೆ. ಡಿಸೆಂಬರಿನಲ್ಲಿ ಕಾಲೇಜುಗಳ ಟೂರ್ನಮೆಂಟ್ ಇದೆ. ನನ್ನ ಡಿಗ್ರಿ ಮುಗಿಯುವ ಮುಂಚೆ ಅದೇ ಕೊನೆಯದು. ಅದರಲ್ಲಿ ಆಡುತ್ತೇನೋ ಇಲ್ಲವೋ ದೇವರಿಗೆ ಗೊತ್ತಿರಬಹುದು, ನಿನಗೆ ಗೊತ್ತಿಲ್ಲ.

ಮುಂದಿನ ಭಾನುವಾರ ಸಾಕ್ಷಿಯ ಹೊತ್ತಿಗೆ ಎದ್ದು, ನಾನು ಹೇಳಿದ್ದು ನಿಜವಲ್ಲ ಎಂದು ಹೇಳು. ಹೇಳುವ ತನಕ ನಾನು ಊರಿಗೆ ಬರುವುದಿಲ್ಲ. ಬಂದರೆ ಆ ಜನರ ಮುಂದೆ ಕುಂಟದೆ ನಡೆಯಬೇಕು. ಆ ನಾಟಕ ನನಗೆ ಬರುವುದಿಲ್ಲ.

ಅಪ್ಪನಿಗೆ ಹೇಳು, ಅವರು ಹೇಳಿದ ಹಾಗೆ ದಿನಾ ಮರಳಿನಲ್ಲಿ ನಡೆಯುತ್ತಿದ್ದೇನೆ.

ಸುವಾರ್ತ


ರಾಯದುರ್ಗ
10 ಸೆಪ್ಟೆಂಬರ್ 2024

ಸುವಾರ್ತ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಶೆಡ್ಡಿನಲ್ಲಿ ಜೀನ್ಸ್ ಆರ್ಡರ್ ಜಾಸ್ತಿ, ಕೈ ಬಿಡುವಿಲ್ಲ ಎಂದು ಬರೆಯೋಣವೆಂದಿದ್ದೆ. ಆರ್ಡರ್ ಜಾಸ್ತಿ ಇರುವುದೂ ನಿಜವೇ. ಆದರೆ ಕಾರಣ ಅದಲ್ಲ.

ಎದ್ದು ಹೇಳಬೇಕೆಂದು ಒಂದು ವಾರ ಸೀರೆ ಸರಿಮಾಡಿಕೊಂಡು ಎದ್ದೆ. ಅಷ್ಟರಲ್ಲಿ ಹಾಡಿನವರು ಹಾಡು ಎತ್ತಿದರು. ಇನ್ನೊಂದು ವಾರ ಬಳ್ಳಾರಿಯಿಂದ ಬೋಧಕರು ಬಂದಿದ್ದರು, ಬಂದವರ ಮುಂದೆ ನಮ್ಮ ಸಭೆಯ ಮರ್ಯಾದೆ ಯಾಕೆ ಕಳೆಯುವುದು ಎಂದು ಕೂತೆ. ಅದರ ಮುಂದಿನ ವಾರ ಏನೇ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿ ಹೋದರೆ, ನನಗಿಂತ ಮೊದಲೇ ಬಸವರಾಜೇಶ್ವರಕ್ಕ ಎದ್ದಳು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ವರ್ಷಗಳಿಂದ ಹೆದರಿ ಕೂತಿದ್ದಳಂತೆ. ನಾಗಮಣಿಯ ಮಗಳ ಕಾಲಿನ ಸಾಕ್ಷಿ ಕೇಳಿ ಧೈರ್ಯ ಬಂತು, ಹೋಗಿ ತೆಗೆಸಿಕೊಂಡೆ ಎಂದು ಎಲ್ಲರ ಮುಂದೆ ಹೇಳಿದಳು. ಈಗ ನೀನೇ ಹೇಳು, ಆ ಕಟ್ಟಿದ ಕಣ್ಣಿನ ಎದುರು ನಿಂತು ಅದು ನಿಜವಲ್ಲಕ್ಕ ಎನ್ನಲು ಯಾವ ಬಾಯಿ ಬೇಕು?

ಶೆಡ್ಡಿನಲ್ಲಿ ದಿನಾ ಪ್ಯಾಂಟಿನ ಹಿಂದಿನ ಜೇಬು ಹೊಲಿಯುತ್ತೇನೆ. ಹೊಲಿಯುವುದು ಕ್ಷಣದ ಕೆಲಸ. ಸೊಟ್ಟ ಹೊಲಿದ ಜೇಬು ಬಿಚ್ಚುವುದಿದೆಯಲ್ಲ, ಬಟ್ಟೆ ಹರಿಯದಂತೆ ಒಂದೊಂದೇ ಹೊಲಿಗೆ ಕೀಳಬೇಕು. ನನಗೆ ಅಷ್ಟು ತಾಳ್ಮೆ ಕೊಡು ಎಂದು ಬೇಡಿಕೊಳ್ಳುತ್ತಿದ್ದೇನೆ. ನೀನೂ ಸ್ವಲ್ಪ ತಾಳಿಕೋ.

ನೀನು ಬಾಟಲಿ ಕಾಯುತ್ತಿರುವ ವಿಷಯ ನಿಮ್ಮಪ್ಪನಿಗೆ ಓದಿ ಹೇಳಿದೆ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಬೀಡಿ ಆರಿಸಿ, ಅಕಿಗೆ ಹಿಂಗ ಬರಿ ಅಂದರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: "ಕಬಡ್ಡ್ಯಾಗ ಔಟಾದೋರು ತಾವಾಗೇ ಎದ್ದು ಒಳಗ ಬರಂಗಿಲ್ಲ. ಒಳಗಿದ್ದೋರು ಒಬ್ಬರನ್ನ ಮುಟ್ಟಿ ಬಂದ್ರ ಇವ್ರಿಗೆ ಜೀವ. ಅಲ್ಲಿ ತನಕ ಸಾಲಿನ್ಯಾಗ ಕೂತಿರೋದೂ ಆಟಾನ. ಎದ್ದು ಮನಿಗೆ ಹೋದ್ರ ಮಾತ್ರ ಆಟ ಮುಗೀತು."

ಗುಡಿಗೂ ವರ್ಷಕ್ಕೊಮ್ಮೆ ಶಿವರಾತ್ರಿಗೆ ಮಾತ್ರ ಹೋಗುವ ಮನುಷ್ಯನ ಬಾಯಲ್ಲಿ ಇಂಥ ಬೋಧನೆ. ಅಯ್ಯಗಾರು ಇದನ್ನೇ ಹೇಳಲು ಮುಕ್ಕಾಲು ಗಂಟೆ ತಗೊಳ್ಳುತ್ತಾರೆ, ಅದೂ ತೆಲುಗಿನಲ್ಲಿ.

ಸಾಲಿನಲ್ಲಿ ಕೂತಿರು ಮಗಳೇ. ಎದ್ದು ಹೋಗಬೇಡ.

ನಿನ್ನ ಅಮ್ಮ


ಮಡಕಶಿರಾ
26 ಅಕ್ಟೋಬರ್ 2024

ಅಮ್ಮ,

ಇದನ್ನು ಬರೆದು ಬರೆದು ಹರಿದಿದ್ದೇನೆ. ಇವತ್ತು ಹೇಗಾದರೂ ಅಂಚೆಗೆ ಹಾಕುತ್ತೇನೆ.

ನನ್ನ ಕಾಲು ವಾಸಿಯಾಗಿದೆ.

ಹೋದ ತಿಂಗಳ ಕೊನೆಯಲ್ಲಿ ಸೌಮ್ಯಳನ್ನು ಕರೆದುಕೊಂಡು ಅನಂತಪುರಕ್ಕೆ ಹೋಗಿದ್ದೆ. ಡಾಕ್ಟರು ಕಾಲನ್ನು ಆಚೆ ಈಚೆ ತಿರುಗಿಸಿ, ಕುಣಿಸಿ, ಇನ್ನು ಆಡಬಹುದು ಎಂದರು. ಬರುವಾಗ ಬಸ್ಸಿನಲ್ಲಿ ಸೌಮ್ಯ ಖುಷಿಯಿಂದ ನನ್ನ ಬೆನ್ನಿಗೆ ಗುದ್ದಿ ಗುದ್ದಿ ಇಟ್ಟಳು. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಗೆದ್ದಂತಾಗುತ್ತದೆ ಎಂಬ ಹಟಕ್ಕೆ ಹೇಳಲಿಲ್ಲ ಎಂದು ನಾನೇ ಅಂದುಕೊಂಡಿದ್ದೆ. ಹಟ ಇತ್ತು. ಆದರೆ ಅದಕ್ಕಿಂತ ದೊಡ್ಡದು ಬೇರೆ ಇದೆ.

ನನಗೆ ಭಯವಾಗುತ್ತದೆ ಅಮ್ಮ. ನಡುಗೆರೆ ದಾಟಿ ಎದುರಾಳಿಗಳ ಕಡೆ ಕಾಲಿಟ್ಟ ಕೂಡಲೇ, ಆವತ್ತು ಮೊಣಕಾಲಿನೊಳಗೆ ಕಟ್ ಎಂದ ಸದ್ದು ಕಿವಿಗೆ ಬರುತ್ತದೆ. ಕಬಡ್ಡಿ ಕಬಡ್ಡಿ ಎನ್ನುವ ಉಸಿರು ಅಲ್ಲೇ ಮುರಿಯುತ್ತದೆ. ಯಾರೂ ಹಿಡಿಯುವುದೇ ಬೇಡ, ನಾನಾಗಿಯೇ ಔಟ್. ದಿನಾ ಹೀಗೇ. ಸರ್ ಬೈದಿದ್ದರೆ ವಾಸಿಯಿತ್ತು. ಅವರು ನನ್ನ ಪಕ್ಕ ಮಣ್ಣಿನಲ್ಲೇ ಕೂತು, "ಕಾಲಿಗೇನೂ ಆಗಿಲ್ಲ ಕಣಮ್ಮ. ನಿನ್ ಕಾಲಿನ ಮ್ಯಾಲೆ ನಿಂಗೆ ನಂಬ್ಕೆ ಹೋಗೈತೆ. ಅದು ಬರೋಗಂಟ ಕಾಯ್ತೀನಿ" ಎಂದರು.

ನಂಬಿಕೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಸಭೆಯಲ್ಲಿ ಕೇಳಿದ್ದೇನೆ. ಅದು ಇಲ್ಲದಿದ್ದರೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು. ಪ್ರಾರ್ಥನೆಗೆ ಕೂತರೂ ಹೀಗೇ ಆಗುತ್ತದೆ. ತಂದೆಯೇ ಎಂದು ಶುರುಮಾಡುತ್ತೇನೆ, ಮುಂದೆ ಉಸಿರಿಲ್ಲ. ಪಕ್ಕದ ಮಂಚದಲ್ಲಿ ಸೌಮ್ಯ ತನ್ನ ಮನೆದೇವರಿಗೆ ಎರಡೇ ನಿಮಿಷದಲ್ಲಿ ಕೈಮುಗಿದು ಮಲಗಿಬಿಡುತ್ತಾಳೆ. ಅವಳನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ.

ನೀನು ಸಭೆಯಲ್ಲಿ ಏನೂ ಹೇಳಬೇಡ. ಬಸವರಾಜೇಶ್ವರಕ್ಕನ ಮನಸ್ಸು ನೋಯಿಸಬೇಡ. ಕಾಲಿನ ವಿಷಯದಲ್ಲಿ ನಿನ್ನ ಮಾತು ನಿಜವೇ ಆಯಿತು. ಸುಳ್ಳಾಗಿರುವವಳು ನಾನು.

ಸುವಾರ್ತ


ರಾಯದುರ್ಗ
28 ಅಕ್ಟೋಬರ್ 2024

ಸುವಾರ್ತ,

ನಿನ್ನಿಂದ ಕಾಗದವಿಲ್ಲ. ಬಾರದಿದ್ದರೂ ಪರವಾಗಿಲ್ಲ, ಇದನ್ನು ಓದು. ನಿನ್ನೆ ಭಾನುವಾರ ನಾನು ಎದ್ದು ಹೇಳಿದೆ.

ಈ ಸಲ ಹಾಡಿನವರಿಗೂ ಬಿಡಲಿಲ್ಲ, ಬಸವರಾಜೇಶ್ವರಕ್ಕನಿಗೂ ಬಿಡಲಿಲ್ಲ. ಅಯ್ಯಗಾರು ಸಾಕ್ಷಿ ಎಂದು ಬಾಯಿ ತೆರೆಯುವಷ್ಟರಲ್ಲಿ ನಿಂತಿದ್ದೆ. ನನ್ನ ಮಗಳ ಕಾಲು ವಾಸಿಯಾಗಿಲ್ಲ, ಅವಳು ತಂಡದಲ್ಲಿಲ್ಲ, ಹೊರಗೆ ಕೂತು ಬಾಟಲಿ ಕಾಯುತ್ತಾಳೆ, ಆಗಬೇಕೆಂಬ ಆಸೆಗೆ ಆಗಿದೆ ಎಂದುಬಿಟ್ಟೆ, ಅವಳು ನನ್ನ ಮೇಲಿನ ಸಿಟ್ಟಿಗೆ ಮನೆಗೆ ಬರುತ್ತಿಲ್ಲ ಎಂದೆ. ಕಾಲು ನಡುಗುತ್ತಿತ್ತು, ನಿನ್ನದಲ್ಲ, ನನ್ನದು.

ನಾನು ಬಸವರಾಜೇಶ್ವರಕ್ಕನ ಕಡೆ ನೋಡಲಿಲ್ಲ. ಅವಳೇ ಎದ್ದು ನನ್ನ ಹತ್ತಿರ ಬಂದಳು. "ನಿನ್ನ ಮಾತು ಕೇಳಿ ನಾನು ಪೊರೆ ತೆಗೆಸ್ಕೊಂಡ್ನಿ. ಕಣ್ಣು ಚೊಲೋ ಕಾಣ್ತೈತಿ. ನನ್ನ ಕೆಲಸ ಆತು, ನಿನ್ನ ಮಗಳದ್ದು ಬಾಕಿ ಐತಿ. ಅದಕ್ಯಾಕ ಅಳ್ತೀ?" ಎಂದಳು.

ಆಮೇಲೆ ನಡೆದದ್ದನ್ನು ಹೇಳಿದರೆ ನೀನು ನಂಬುವುದಿಲ್ಲ. ಹಿಂದಿನ ಸಾಲಿನಿಂದ ತಿಪ್ಪಮ್ಮ ಎದ್ದು, ಸಕ್ಕರೆ ಕಾಯಿಲೆ ಪೂರ್ತಿ ಹೋಗಿದೆ ಎಂದು ಈಸ್ಟರ್‌ಗೆ ಹೇಳಿದ್ದೆನಲ್ಲ, ಹೋಗಿಲ್ಲ, ಮಾತ್ರೆ ನುಂಗುತ್ತಲೇ ಇದ್ದೇನೆ ಎಂದಳು. ಆಟೋ ಜಗದೀಶ್ ಎದ್ದು, ಕುಡಿತ ಬಿಟ್ಟೆ ಎಂದಿದ್ದೆ, ಬಿಟ್ಟಿದ್ದು ನಿಜ, ಆದರೆ ಎರಡು ಸಲ ಬಿಟ್ಟಿದ್ದೇನೆ ಎಂದ. ಒಬ್ಬರ ಹಿಂದೆ ಒಬ್ಬರು. ಎಲ್ಲರೂ ನನ್ನ ಹಾಗೆ ಸ್ವಲ್ಪ ಬೇಗ ಹೇಳಿದವರೇ. ಮೊದಮೊದಲು ಅಳು, ಆಮೇಲೆ ಯಾರಿಗೋ ನಗು ಬಂತು, ನಕ್ಕರೆ ನಿಲ್ಲಲಿಲ್ಲ. ಅಯ್ಯಗಾರು ಮೈಕ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೊನೆಗೆ ಅವರೂ ಕಣ್ಣೊರೆಸಿಕೊಂಡು, ಇವತ್ತು ಬೋಧನೆ ಬೇಡ, ಒಬ್ಬರಿಗೊಬ್ಬರು ಪ್ರಾರ್ಥನೆ ಮಾಡೋಣ ಎಂದರು. ಮೊದಲು ನಿನಗಾಗಿ ಮಾಡಿದೆವು. ನನಗೆ ನಿಮ್ಮಪ್ಪ ಹೇಳಿದ ಔಟಾದವರ ಸಾಲು ನೆನಪಾಯಿತು. ಇಷ್ಟು ದಿನ ಅದರಲ್ಲಿ ನಾನೊಬ್ಬಳೇ ಕೂತಿದ್ದೇನೆ ಅಂದುಕೊಂಡಿದ್ದೆ.

ಸಭೆಯಲ್ಲಿ ಇಷ್ಟು ನಗು ಯಾಕೆಂದು ನಿಮ್ಮಪ್ಪ ಮರ ಬಿಟ್ಟು ಬಾಗಿಲ ತನಕ ಬಂದು ಇಣುಕಿದರು. ಅಷ್ಟು ಹೊತ್ತಿನಲ್ಲೇ ನಾಯಿ ಅಯ್ಯಗಾರ ಒಂದು ಚಪ್ಪಲಿ ಕಚ್ಚಿಕೊಂಡು ಓಡಿತು.

ನೀನು ಕೇಳಿದ್ದು ಮಾಡಿದ್ದೇನೆ. ಇನ್ನಾದರೂ ಬಾ. ಕುಂಟುತ್ತಲೇ ಬಾ.

ನಿನ್ನ ಅಮ್ಮ


ರಾಯದುರ್ಗ
2 ನವೆಂಬರ್ 2024

ಸುವಾರ್ತ,

ನಿನ್ನ ಕಾಗದ ಇವತ್ತು ಬಂತು. ಓದಿ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಕಾಲು ವಾಸಿಯಾಗದಿದ್ದಾಗ ಆಗಿದೆ ಎಂದು ಎದ್ದೆ. ಆದ ಮೇಲೆ ಆಗಿಲ್ಲ ಎಂದು ಎದ್ದೆ. ಇನ್ನೊಂದು ಸಲ ಎದ್ದರೆ ನಮ್ಮ ಸಭೆಯವರು ನನಗೇ ಪ್ರಾರ್ಥನೆ ಮಾಡಿಸುತ್ತಾರೆ. ನಾನು ಇನ್ನು ಏಳುವುದಿಲ್ಲ.

ಕಾಲು ವಾಸಿಯಾಯಿತಲ್ಲ. ಅಬ್ಬಾ. ಅದನ್ನು ಒಬ್ಬಳೇ ಹೊತ್ತುಕೊಂಡು ಒಂದು ತಿಂಗಳು ಹೇಗಿದ್ದೆ?

ಭಯವಾದರೆ ಭಯವಾಗುತ್ತದೆ ಎಂದೇ ಪ್ರಾರ್ಥನೆ ಮಾಡು. ತಂದೆಯೇ ಎಂದ ಮೇಲೆ ಉಸಿರು ಮುರಿದರೆ ಮುರಿಯಲಿ, ಅಲ್ಲಿಗೇ ಬಿಡು. ಮುಂದಿನದನ್ನು ಇಲ್ಲಿ ನಾನು ಹೇಳುತ್ತೇನೆ, ನನಗೆ ನಿದ್ದೆ ಬಂದರೆ ಬಸವರಾಜೇಶ್ವರಕ್ಕ ಹೇಳುತ್ತಾಳೆ. ಕಬಡ್ಡಿಯಲ್ಲಿ ಒಬ್ಬರೇ ಒಂದೇ ಉಸಿರಿನಲ್ಲಿ ಆಡಬೇಕು. ಪ್ರಾರ್ಥನೆಯಲ್ಲಿ ಅಂಥ ರೂಲ್ ಇಲ್ಲ.

ನಿಮ್ಮಪ್ಪನಿಗೆ ನಿನ್ನ ಭಯದ ವಿಷಯ ಹೇಳಿದೆ. ಅವರು ಹೇಳಿದ್ದು ಇಷ್ಟೇ: "ಒಮ್ಮೆ ಚೆಂದಗೆ ಹಿಡಿಸ್ಕೊಂಡು ಬೀಳು ಅನ್ನು. ಬಿದ್ದ ಮ್ಯಾಲೆ ಭಯ ಇರಂಗಿಲ್ಲ."

ನಿನ್ನ ಅಮ್ಮ


ಮಡಕಶಿರಾ
9 ಡಿಸೆಂಬರ್ 2024

ಅಮ್ಮ,

ಅಪ್ಪ ಹೇಳಿದ ಹಾಗೇ ಆಯಿತು. ಹಿಡಿಸಿಕೊಂಡು ಬಿದ್ದೆ.

ಟೂರ್ನಮೆಂಟ್ ನಮ್ಮ ಮೈದಾನದಲ್ಲೇ ಇತ್ತು, ಎದುರು ಹಿಂದೂಪುರದ ತಂಡ. ಪ್ರಾಕ್ಟೀಸಿನಲ್ಲಿ ಕೊನೆಯ ದಿನದ ತನಕ ನನ್ನ ಉಸಿರು ಮುರಿಯುತ್ತಲೇ ಇತ್ತು. ಆದರೂ ಸರ್ ನನ್ನನ್ನು ಇಳಿಸಿದರು. ಮೊದಲ ರೈಡಿಗೆ ಹೋಗುವಾಗ ತಂದೆಯೇ ಎಂದೆ, ಅಲ್ಲಿಗೆ ಬಿಟ್ಟೆ. ಮುಂದಿನದನ್ನು ಯಾರಾದರೂ ಹೇಳಿಕೊಳ್ಳಲಿ ಎಂದು ಗೆರೆ ದಾಟಿದೆ. ಒಳಗೆ ಹೋಗಿದ್ದೇ ತಡ, ಒಬ್ಬಳು ಕಣಕಾಲು ಹಿಡಿದಳು, ಇನ್ನಿಬ್ಬರು ಮೇಲೆ ಬಿದ್ದರು. ನಾನು ಅಡಿಯಲ್ಲಿ ಕಣ್ಣು ಮುಚ್ಚಿ ಆ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಅವರೆಲ್ಲ ಎದ್ದರು, ನಾನೂ ಎದ್ದೆ. ಕಾಲು ಗಟ್ಟಿಯಾಗಿತ್ತು. ಔಟಾಗಿ ಹೊರಗೆ ನಡೆಯುವಾಗ ನಾನು ನಗುತ್ತಿದ್ದೆನಂತೆ. ಹಿಂದೂಪುರದ ಹುಡುಗಿಯರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಹೋಗಿ ಸಾಲಿನಲ್ಲಿ ಕೂತೆ. ನನ್ನ ಹಿಂದೆ ಇನ್ನಿಬ್ಬರು ಬಂದು ಕೂತರು. ನಮ್ಮ ರೈಡರ್‌ಗಳೆಲ್ಲ ಹೊರಗೆ, ಒಳಗೆ ಉಳಿದವರೆಲ್ಲ ಹಿಡಿಯುವವರೇ. ಕೊನೆಗೆ ಸೌಮ್ಯ ರೈಡಿಗೆ ಹೊರಟಳು. ಅವಳ ಕೆಲಸ ಮೂಲೆಯಲ್ಲಿ ನಿಂತು ಕಾಲು ಹಿಡಿಯುವುದು, ರೈಡ್ ಎಂದರೆ ಅವಳಿಗೆ ನಡುಕ. ಹೆದರಿಕೊಂಡೇ ಹೋದಳು. ಬೆರಳ ತುದಿಯಲ್ಲಿ ಒಬ್ಬಳನ್ನು ಮುಟ್ಟಿದಳು, ಮುಟ್ಟಿದ್ದು ಅವಳಿಗೇ ಗೊತ್ತಾಗದೆ ಅಳುಮುಖ ಮಾಡಿಕೊಂಡು ಓಡಿಬಂದಳು. ರೆಫ್ರಿ ಕೈ ಎತ್ತಿದರು. ಮೊದಲು ಔಟಾದವಳು ನಾನು, ಆ ಜೀವ ನನಗೆ ಬಂತು.

ನಾನೇನೂ ಮಾಡಿರಲಿಲ್ಲ ಅಮ್ಮ. ಕೂತಿದ್ದೆ, ಅಷ್ಟೆ. ಸೌಮ್ಯ ಮುಟ್ಟಿದಳು, ನಾನು ಎದ್ದೆ. ನಾನು ಹುಟ್ಟಿದಾಗಿನಿಂದ ನೀನು ಕೃಪೆ ಕೃಪೆ ಎಂದು ಹೇಳಿಕೊಡುತ್ತಿದ್ದೆಯಲ್ಲ, ಅದು ಇದೇ ಇರಬೇಕು ಅನ್ನಿಸಿತು.

ಮುಂದಿನ ರೈಡಿನಲ್ಲಿ ಉಸಿರು ಮುರಿಯಲಿಲ್ಲ. ಒಬ್ಬಳನ್ನು ಮುಟ್ಟಿ, ನಡುಗೆರೆಯ ಮೇಲೆ ಬೋರಲು ಬಿದ್ದು, ಕೈ ಚಾಚಿ ನಮ್ಮ ಕಡೆಯ ಮಣ್ಣು ಹಿಡಿದೆ. ಆ ಮ್ಯಾಚ್ ಗೆದ್ದೆವು. ಮರುದಿನ ಸೆಮಿಫೈನಲ್‌ನಲ್ಲಿ ಚೆನ್ನಾಗಿಯೇ ಸೋತೆವು. ಸೋತ ದಿನವೂ ಹೊಟ್ಟೆ ತುಂಬ ಉಂಡು ಮಲಗಿದೆ.

ಬಸವರಾಜೇಶ್ವರಕ್ಕನ ಬೀಗಿತಿ ಮತ್ತೆ ಡಬ್ಬಿ ಹಿಡಿದು ಬಂದಿದ್ದರು. ಅವರ ಹತ್ತಿರ ಹೋಗಿ, ಸುವಾರ್ತ ನಾನೇ, ಆವತ್ತು ಗೆರೆಯ ಹೊರಗೆ ಕೂತಿದ್ದವಳೂ ನಾನೇ ಎಂದೆ. ಅವರು ನನ್ನ ಕೆನ್ನೆ ಹಿಂಡಿ, "ಗೊತ್ತಿತ್ತು ಕಣಮ್ಮ. ನಮ್ ಹುಡುಗಿ ಮದ್ವೇಲಿ ನಿಮ್ಮಮ್ಮನ್ನ ನೋಡಿದ್ದೆ, ಅವಳ ಮೂಗೇ ಐತೆ ನಿನಗೆ ಅಂತ ನಮ್ ಬೀಗಿತಿ ಹೇಳಿತ್ತು. ಅದಕ್ಕೇ ಡಬ್ಬಿ ನಿನ್ ಕೈಗೇ ಕೊಟ್ಟಿದ್ದು" ಎಂದರು. ಈ ಸಲದ ಕರ್ಜಿಕಾಯಿಯಲ್ಲಿ ಸೌಮ್ಯಳಿಗೆ ಒಂದೂ ಉಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಸಭೆ ಸಿಗುವುದಿಲ್ಲ, ಹಾಗಾಗಿ ಶನಿವಾರವೇ ಬರುತ್ತೇನೆ. ಸಾಕ್ಷಿಯ ಹೊತ್ತಿಗೆ ನೀನು ಕೂತಿರು. ನಾನು ಏಳುತ್ತೇನೆ.

ನಿನ್ನ ಮಗಳು ಸುವಾರ್ತ


ರಾಯದುರ್ಗ
12 ಡಿಸೆಂಬರ್ 2024

ಸುವಾರ್ತ,

ಈ ಕಾಗದ ತಲುಪುವಷ್ಟರಲ್ಲಿ ನೀನು ಇಲ್ಲಿಗೇ ಬಂದಿರುತ್ತೀಯೇನೋ. ಆದರೂ ಬರೆಯದೆ ಇರಲಾಗಲಿಲ್ಲ.

ನಿನ್ನ ಕಾಗದವನ್ನು ನಿಮ್ಮಪ್ಪ ನನ್ನಿಂದ ಮತ್ತೆ ಮತ್ತೆ ಓದಿಸಿದರು. ಸೌಮ್ಯ ಮುಟ್ಟಿ ಬಂದ ಭಾಗ ಓದಿದಾಗಲೆಲ್ಲ ತೊಡೆ ತಟ್ಟಿಕೊಂಡರು. ಭಾನುವಾರ ನೀನು ಎದ್ದು ಮಾತಾಡುತ್ತೀಯಂತೆ ಎಂದೆ. ಮರದ ಕೆಳಗೆ ಕೇಳಿಸುತ್ತದೆಯೇ ಎಂದು ಕೇಳಿದರು. ಚಪ್ಪಾಳೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ ಎಂದೆ. ಒಳಗೆ ಬನ್ನಿ ಎಂದು ಈ ಸಲ ಕರೆಯಲಿಲ್ಲ. ಇಷ್ಟು ವರ್ಷ ಕರೆದು ಕರೆದು ನನಗೂ ಬುದ್ಧಿ ಬಂದಿದೆ.

ಇವತ್ತು ಬೆಳಿಗ್ಗೆ ಅವರು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು. ನಾನು ರೊಟ್ಟಿ ತಟ್ಟುತ್ತಿದ್ದೆ, ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತುಕೊಂಡು ಹೇಳಿದರು: "ಈ ಐತವಾರ ಚಪ್ಪಲಿ ಕಾಯಾಕ ಬ್ಯಾರೆ ಯಾರನ್ನರ ನೋಡ್ಕೊಳ್ರಿ."

ಬೇಗ ಬಾ.

ನಿನ್ನ ಅಮ್ಮ